ಹಗ್ಗ ಎಳೆಯುವ ಮೊದಲು

ಕಬ್ಬಿನ ಸಾಲಿನಲ್ಲಿ ಕಳೆ ತೆಗೆಯಲು ಗೋಕಾಕದಿಂದ ಪೆಟ್ರೋಲ್ ಯಂತ್ರ ತಂದೆವು. ಜೊತೆಗೆ ಕರದಂಟು. ಅದಿಲ್ಲದೆ ಮೂಡಲಗಿಗೆ ಮರಳಿದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ!

ನನಗೋ ಯಂತ್ರದ ಸದ್ದು ಕೇಳುವ ಅವಸರ. ಪೆಟ್ರೋಲ್ ಸುರಿದು ಹಗ್ಗಕ್ಕೆ ಕೈ ಹಾಕಿದೆ. 7ನೆಯ ತರಗತಿಯ ಮೊಮ್ಮಗ ಕರದಂಟು ಬಾಯಲ್ಲಿಟ್ಟುಕೊಂಡೇ ಕೂಗಿದ:

"ಅಜ್ಜಾ, ತಡೀರಿ! ಇದರಾಗ ಆಯಿಲ್ ಹಾಕಿಲ್ಲ ಅಂತ ಪುಸ್ತಕದಾಗ ಬರದಾರ!"

ಕೈ ಅಲ್ಲೇ ನಿಂತಿತು. ಹುಕ್ಕೇರಿ ಕಡೆಯ ನಮ್ಮ ಹಳೆಯ ಹೊಲ ನೆನಪಾಯಿತು. ನನಗಾಗ 16 ವರ್ಷ. ಬಾವಿಯ ಡೀಸೆಲ್ ಇಂಜಿನ್ನಿನ ಎಣ್ಣೆ ನೋಡಿ ಚಾಲೂ ಮಾಡು ಎಂದು ಹೇಳಿ ಅಪ್ಪ ಸಂತೆಗೆ ಹೋಗಿದ್ದರು. ನಾನು ನೋಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಇಂಜಿನ್ ಕಿರುಗುಟ್ಟಿ ಜಾಮ್ ಆಯಿತು. ಅದು ರಿಪೇರಿಯಾಗುವಷ್ಟರಲ್ಲಿ ಮೆಣಸಿನಕಾಯಿ ಗಿಡಗಳು ಒಣಗಿ ಹೋಗಿದ್ದವು. ಅಪ್ಪ ಬೈಯಲಿಲ್ಲ. "ಎಣ್ಣಿ ನೋಡಿದ್ದೇನೋ?" ಎಂದಷ್ಟೇ ಕೇಳಿದರು. "ನೋಡಿದ್ದೆ" ಎಂದೆ. ಅವರು ಇರುವವರೆಗೂ ಆ ಸುಳ್ಳನ್ನು ತಿದ್ದಲಿಲ್ಲ.

ಮನೆಯಲ್ಲಿ ಔಷಧ ಹೊಡೆಯುವ ಪಂಪಿನ ಟೂ-ಟಿ ಆಯಿಲ್ ಇತ್ತು. ಅದನ್ನೇ ತಂದೆ. ಹುಡುಗ ತಲೆಯಾಡಿಸಿದ. ಅದು ಪೆಟ್ರೋಲಿನಲ್ಲಿ ಬೆರೆತು ಉರಿದುಹೋಗುವ ಎಣ್ಣೆ. ಇದು ನಾಲ್ಕು ಸ್ಟ್ರೋಕಿನ ಇಂಜಿನ್, ಇದರ ಎಣ್ಣೆ ಬೇರೆ ಹೊಟ್ಟೆಯಲ್ಲೇ ಇರಬೇಕು. ಪುಸ್ತಕ ಹೇಳಿದ್ದು 10ಡಬ್ಲ್ಯೂ-30.

"ಡಬ್ಲ್ಯೂ ಅಂದ್ರ ವಾಟರ್ ಏನೋ ತಮ್ಮಾ?"

"ವಿಂಟರ್ ಅಜ್ಜಾ, ಚಳಿಗಾಲ!"

ಚಳಿಯಲ್ಲಿ ನಮ್ಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಇಂಜಿನ್ ಎಣ್ಣೆಯೂ ಚಳಿಗೆ ಮಂದವಾಗುತ್ತದೆ. ಡಬ್ಲ್ಯೂ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಕೊನೆಯ ಅಂಕಿ, ಇಂಜಿನ್ ಕಾದಾಗ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಹಿಮ ಬೀಳುವ ದೇಶಗಳಲ್ಲಿ ಬಾಗಿಲ ಮುಂದಿನ ಹಿಮ ತೂರುವ ಯಂತ್ರಕ್ಕೂ ಇಂಥದೇ ಇಂಜಿನ್ ಇರುತ್ತದೆ. ಅದಕ್ಕೆ 5ಡಬ್ಲ್ಯೂ-30 ಹಾಕುತ್ತಾರೆ. ನಮ್ಮ ಮೂಡಲಗಿ ಬಿಸಿಲಿಗೆ ಆ ಚಿಂತೆಯಿಲ್ಲ.

ಪೇಟೆಗೆ ಹೋಗಿ ಸರಿಯಾದ ಡಬ್ಬಿ ತಂದೆವು. ಯಂತ್ರವನ್ನು ಸಪಾಟು ನೆಲದಲ್ಲಿ ನಿಲ್ಲಿಸಿ, ಅಳತೆ ಕಡ್ಡಿಯ ಗೆರೆಯವರೆಗೆ ಸುರಿದೆವು. ಮೊದಲ 20 ತಾಸು ಓಡಿದ ಮೇಲೆ ಈ ಎಣ್ಣೆ ಬದಲಿಸಬೇಕಂತೆ. ಹೊಸ ಇಂಜಿನ್ನಿನಲ್ಲಿ ಲೋಹ ತಿಕ್ಕಿ ಸಣ್ಣ ಪುಡಿ ಬಂದಿರುತ್ತದೆ. ಹುಡುಗ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ.

"ನೀವು ಎಂದರ ಮರ್ತಿದ್ರೇನು ಅಜ್ಜಾ?"

ಹುಕ್ಕೇರಿಯ ಬಾವಿಯ ಕತೆ ಹೇಳಿದೆ. ಸುಳ್ಳನ್ನೂ ಬಿಡದೆ. ಅವನು ಸುಮ್ಮನೆ ಕೇಳಿ, ಅಳತೆ ಕಡ್ಡಿ ಮತ್ತೊಮ್ಮೆ ತೆಗೆದು ಒರೆಸಿ ನೋಡಿದ.

"ಐತಿ. ಈಗ ಎಳೀರಿ."