ಕಾರ್ಡು ನಾದಿನಿಯದ್ದು

“ಫಲ ಬೇಡ ಅಂತ ಅಜ್ಜಿ ಯಾವಾಗ ಹೇಳಿದ್ದಂತೆ ಮಾಷ್ಟ್ರೇ?”

ಮೊಗ್ರಾಲಿನ ಬಸ್ ಸ್ಟಾಪಿನಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ನನ್ನನ್ನು ತಡೆದು ಕೇಳಿದ. ಯಾವ ಅಜ್ಜಿ, ಯಾವ ಫಲ, ಒಂದೂ ತಲೆಗೆ ಹೋಗಲಿಲ್ಲ. ಅವನ ಕಂಕುಳಲ್ಲಿ ನನ್ನ ಲೇಖನ ಬಂದಿದ್ದ ವಿಶೇಷಾಂಕ ಕಂಡಿತು. ಆಮೇಲೆ ಹೊಳೆಯಿತು.

ಆ ಲೇಖನದ ವಿಷಯ ‘ಬದುಕಿನ ಅರ್ಥ’. ಯಾರೂ ನನ್ನ ಮೇಲೆ ಹೇರಿದ್ದಲ್ಲ, ನಾನೇ ಕೇಳಿ ಪಡೆದದ್ದು. ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನಿಗೆ ಇಂಥ ವಿಷಯವೆಂದರೆ ಹಬ್ಬದೂಟ. ಊರೂ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಕೇಳುತ್ತವೆ. ಮಾಪ್ಪಿಳ ಪಾಟ್ಟಿನ ಕವಿಗಳು ಬಾಳಿದ ನೆಲವೆಂದು ಮೊಗ್ರಾಲಿಗೆ ‘ಇಶಲ್ ಗ್ರಾಮ’ ಎಂಬ ಹೆಸರು. ಇಶಲ್ ಎಂದರೆ ಹಾಡಿನ ಧಾಟಿ. ಪಕ್ಕದ ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು.

ಪೀಠಿಕೆಯನ್ನು ಗತ್ತಿನಿಂದಲೇ ಕಟ್ಟಿದೆ. 13ನೇ ಶತಮಾನದಲ್ಲಿ ಕುಂಬಳೆಯ ಅರಸ ಜಯಸಿಂಹನ ಸೀಮೆಯಲ್ಲಿ ಅದ್ವೈತಿ ತ್ರಿವಿಕ್ರಮ ಪಂಡಿತರಿಗೂ ಮಧ್ವಾಚಾರ್ಯರಿಗೂ 15 ದಿನ ವಾದ ನಡೆಯಿತೆಂದು ಮಾಧ್ವ ಪರಂಪರೆ ಹೇಳುತ್ತದೆ. ಜಗತ್ತು ಸತ್ಯವೋ ಮಿಥ್ಯೆಯೋ, ಜೀವ ಬೇರೆ ದೇವರು ಬೇರೆಯೋ ಎರಡೂ ಒಂದೋ ಎಂಬುದೇ ಜಗಳ. ಕೊನೆಗೆ ತ್ರಿವಿಕ್ರಮರು ಮಧ್ವರ ಶಿಷ್ಯರಾದರು. ಮಧ್ವರ ಚರಿತ್ರೆ ‘ಸುಮಧ್ವವಿಜಯ’ವನ್ನು ಬರೆದ ನಾರಾಯಣ ಪಂಡಿತರು ಈ ತ್ರಿವಿಕ್ರಮರ ಮಗ. (ಸೋತವರ ಮನೆಯಲ್ಲೇ ಗೆದ್ದವರ ಚರಿತ್ರೆ ಹುಟ್ಟಿತಲ್ಲ ಎಂಬುದು ನನಗೆ ಈಗಲೂ ಸೋಜಿಗ.) ‘ಅಂಥ ನೆಲದಲ್ಲಿ ಇಂದಿನ ಜನ ಬದುಕನ್ನು ಹೇಗೆ ಕಾಣುತ್ತಾರೆ?’ ಎಂದು ಪೀಠಿಕೆ ಮುಗಿಸಿ, ಪೆನ್ನು ಪುಸ್ತಕ ಹಿಡಿದು ಹೊರಟೆ. ಮೂರು ಮನೆಗೂ ಸೇರಿ ಒಂದೇ ದಿನ ಸಾಕಾಯಿತು.

ಮೊದಲನೆಯವರು ಹೊಳೆಯ ಮೇಲ್ಮಗ್ಗುಲಿನ ತೋಟದ ಭಟ್ಟರು. ಬ್ರಹ್ಮವೊಂದೇ ಸತ್ಯ, ಉಳಿದದ್ದು ತೋರಿಕೆ ಎಂದು ತಡವರಿಸದೆ ಹೇಳಿದರು. ಒಂದಕ್ಷರ ಬದಲಿಸದೆ ಬರೆದುಕೊಂಡೆ. ಎಷ್ಟೋ ದಿನಗಳ ಮೇಲೆ ಒಂದು ಉಪನಯನದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಾಗ ಅವರೇ ಹೇಳಿದರು, “ಅದು ನಮ್ಮ ಅಪ್ಪ ಹೇಳುತ್ತಿದ್ದ ಮಾತು. ನೀವು ಫಕ್ಕನೆ ಕೇಳಿದಿರಿ, ಬಾಯಿಗೆ ಬಂತು.” ಇಡೀ ಲೇಖನದಲ್ಲಿ ನಾನು ನಿಷ್ಠೆಯಿಂದ ದಾಖಲಿಸಿದ್ದು ಅದೊಂದೇ.

ಎರಡನೆಯವರು ಹಾಡುಗಾರ ಇಚ್ಚ. ಕೊರಳು ಒಡೆದಿದ್ದರೂ ಇಶಲ್ ತಪ್ಪದು. ಅವರಿಂದ ಸೂಫಿಗಳ ಮಾತೊಂದು ಹೊರಡಲಿ ಎಂದು ನಾನು ಕಾದು ಕೂತಿದ್ದೆ. ಅವರೋ ಮೊಣಕಾಲು ತೋರಿಸಿ ಫುಟ್ಬಾಲಿಗೆ ಶುರುವಿಟ್ಟರು. ಮೊಗ್ರಾಲಿನವರಿಗೆ ಫುಟ್ಬಾಲು ಎಂದರೆ ಪ್ರಾಣ. ಪ್ರಾಯದಲ್ಲಿ ಗೋಲ್‌ಕೀಪರೂ ಇಲ್ಲದ ಗೋಲಿನ ಬಾಯಿಗೆ ಒದೆಯಬೇಕಿದ್ದ ಚೆಂಡನ್ನು ಕಂಬದ ಹೊರಗೆ ಒದ್ದದ್ದು, ಆ ರಾತ್ರಿ ಮನೆಗೆ ಹೋಗದೆ ಕಡಲ ಕರೆಯಲ್ಲಿ ಮಲಗಿದ್ದು, ಇಂದಿಗೂ ಕನಸಿನಲ್ಲಿ ಆ ಚೆಂಡು ಬರುವುದು. ನಡುವೆ ಒಮ್ಮೆ “ಎಲ್ಲ ಅವನು ಕೊಟ್ಟ ಅಮಾನತ್ತು ಮಾಷ್ಟ್ರೇ” ಎಂದರು. ನಾನು ಅದೊಂದನ್ನು ಹೆಕ್ಕಿಕೊಂಡು ಉಳಿದದ್ದನ್ನೆಲ್ಲ ಬಿಟ್ಟೆ. ಅಚ್ಚಾದ ಮೇಲೆ ಸಿಕ್ಕವರು ಮರ್ಯಾದೆಯಿಂದಲೇ ಕೇಳಿದರು, “ಫುಟ್ಬಾಲು ಎಲ್ಲಿ ಹೋಯಿತು?”

ಮೂರನೆಯವರೇ ಆ ಹುಡುಗನ ಅಜ್ಜಿ. ಹೆದ್ದಾರಿ ಅಗಲವಾಗುವ ಮೊದಲಿನ ಮಾತು. ರಸ್ತೆಗೆ ತಾಗಿದ ಮನೆ, ಲಾರಿ ಹೋದಾಗ ಹಂಚು ಗಡಗಡ ಎನ್ನುತ್ತಿತ್ತು. ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ನಾನು ತುಳುವಿನಲ್ಲೇ ಕೇಳಿದೆ. ಆದರೆ ಪ್ರಶ್ನೆ ಮಾತ್ರ ಪುಸ್ತಕದ್ದು. ‘ಬದ್‌ಕ್’ ಎಂದರೆ ಅವರಿಗೆ ದಿನ ದೂಡುವ ದಾರಿ. ಅದಕ್ಕೆ ತಕ್ಕ ಉತ್ತರವನ್ನೇ ಕೊಟ್ಟರು. ಕೈ ನಿಲ್ಲಿಸದೆ, ಇಪ್ಪತ್ತೈದರ ಕಟ್ಟು ಕಟ್ಟುತ್ತಲೇ ಹೇಳಿದರು: ಮೂವತ್ತೆರಡು ವರ್ಷದಿಂದ ಬೀಡಿ, ಕಾರ್ಡು ಮಾತ್ರ ನಾದಿನಿಯ ಹೆಸರಿನಲ್ಲಿ. ಮದುವೆಯಾಗಿ ಬಂದಾಗ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಹೊಸ ಕಾರ್ಡು ಸಿಗಲಿಲ್ಲ. ನಾದಿನಿ ಕಟ್ಟುವುದು ನಿಲ್ಲಿಸಿದ್ದಳು, ಅವಳ ಕಾರ್ಡಿಗೇ ಇವರು ಕಟ್ಟಿದರು. ಮಜೂರಿ ಇವರ ಕೈಗೆ, ಪಿ.ಎಫ್. ಅವಳ ಲೆಕ್ಕಕ್ಕೆ. ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿದ ಕಾಯ್ದೆ 1966ರಲ್ಲೇ ಬಂದಿತ್ತು, ಆದರೆ ಕಾಗದದ ಮೇಲೆ ಕಾರ್ಮಿಕಳು ನಾದಿನಿ. “ನಿಮಗೆ ಪೆನ್ಶನ್ ಬರುತ್ತದಲ್ಲ?” ಎಂದು ಕೇಳಿದರು. ಬರುತ್ತದೆ ಎಂದೆ. “ಹಾಂ” ಎಂದು ಹಲ್ಲಿನಿಂದ ನೂಲು ಕಡಿದರು.

ಇದು ದೂರಾಯಿತು, ದರ್ಶನವಾಗಲಿಲ್ಲ ಎಂದುಕೊಂಡು ನಾನು ಎದ್ದೆ. ಮನೆಗೆ ಬಂದು ಬರೆದೆ: ‘ಫಲವನ್ನು ಬಯಸದೆ ಕರ್ಮದಲ್ಲಿ ಮುಳುಗಿರುವ ಈ ತಾಯಿ ಗೀತೆಯನ್ನು ಓದಿಲ್ಲ, ಬಾಳಿದ್ದಾರೆ.’ ಈ ವಾಕ್ಯಕ್ಕೆ ಬಂದಷ್ಟು ಫೋನು ನನ್ನ ಬೇರೆ ಯಾವ ಬರಹಕ್ಕೂ ಬಂದಿಲ್ಲ. ಧರ್ಮಾರ್ಥಕಾಮಮೋಕ್ಷದ ‘ಅರ್ಥ’ ಎಂದರೆ ದುಡ್ಡು, ಸಂಪತ್ತು ಎಂದು ಮೂವತ್ತು ವರ್ಷ ಮಕ್ಕಳಿಗೆ ಉರುಹೊಡೆಸಿದವನು ನಾನು. ಅರ್ಥದ ಮಾತನ್ನೇ ಆ ಹೆಂಗಸು ಆಡಿದಾಗ ನನಗೆ ಕೇಳಿಸಲಿಲ್ಲ. ತ್ರಿವಿಕ್ರಮರಿಗೆ 15 ದಿನ ಎದುರಾಳಿಯ ಮಾತಿಗೆ ಕಿವಿ ಕೊಡುವ ತಾಳ್ಮೆ ಇತ್ತು. ನಾನು ಮುಕ್ಕಾಲು ಗಂಟೆ ಕೂತಿದ್ದೆ, ಅದರಲ್ಲಿ ಚಾ ಕುಡಿದದ್ದೂ ಸೇರಿತ್ತು.

ಬಸ್ ಸ್ಟಾಪಿನಿಂದ ಹುಡುಗನ ಹಿಂದೆಯೇ ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. “ಕಾರ್ಡಿನ ವಿಷಯ ಬರೀಲಿಲ್ಲ ಅಲ್ವಾ?” ಎಂದರು, ಅಷ್ಟೆ. ನಾನು ಅವಸರದಲ್ಲಿ ಇನ್ನೊಂದು ಎಡವಟ್ಟು ಮಾಡಿದೆ: ಅರ್ಜಿ ಬರೆದುಕೊಡುತ್ತೇನೆ, ಕಚೇರಿಗೆ ನಾನೇ ಬರುತ್ತೇನೆ ಎಂದೆಲ್ಲ ಮಾತು ಕೊಟ್ಟೆ. ಎರಡು ಸಲ ಹೋದೆವು. ಹೆಸರಿಲ್ಲದವರ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸುವುದು? ಜಗಳ ಮಾಡೋಣವೆಂದರೆ ಎದುರಾಳಿ ನಾದಿನಿಯೇ, ಅವಳೂ ವಿಧವೆ. “ಬಿಡಿ, ಅವಳಿಗಾದರೂ ಬರಲಿ” ಎಂದು ಅಜ್ಜಿ ಎದ್ದುಬಿಟ್ಟರು. ಇದನ್ನೂ ತ್ಯಾಗವೆಂದು ಬರೆಯಲು ಕೈ ತುರಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನಾದಿನಿಯನ್ನು ಬೈದದ್ದನ್ನು ಕೇಳಿದ ಮೇಲೆ ಆ ತುರಿಕೆ ನಿಂತಿತು.

ತಿಂಗಳು ಕಳೆದು ಲೇಖನದ ಸಂಭಾವನೆ ಬಂತು, ನಾನೂರು ರೂಪಾಯಿ. ತೆಗೆದುಕೊಂಡು ಹೋಗಿ ತಡ್ಪೆಯ ಪಕ್ಕ ಇಟ್ಟೆ. ಯಾಕೆ ಎಂದು ಕೇಳಿದರು. ಹೇಳಲು ಬಾಯಿ ಬರಲಿಲ್ಲ. ಅವರು ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಆಮೇಲೆ ಮೊಮ್ಮಗನನ್ನು ಕರೆದು ಮಾಡಿನ ಸಂದಿಯಿಂದ ಎಣ್ಣೆ ಹಿಡಿದ ಪುಸ್ತಕವೊಂದನ್ನು ತೆಗೆಸಿದರು. ಬ್ರಾಂಚಿನದ್ದಲ್ಲ, ಅವರದೇ ಲೆಕ್ಕ. ಯಾವ ದಿನ ಎಷ್ಟು ಕಟ್ಟಿದ್ದು ಎಂದು ಬೇರೆ ಬೇರೆ ಮಕ್ಕಳ ಅಕ್ಷರದಲ್ಲಿ ವರ್ಷಗಟ್ಟಲೆ ಬರೆಸಿದ್ದು.

“ಬರಿ ಮಗ,” ಎಂದರು, “ಮಾಷ್ಟ್ರು, ನಾನೂರು.”