ಮೊದಲು ಮೇವು

2019ರ ಆಗಸ್ಟ್. ನವಿಲುತೀರ್ಥ ಡ್ಯಾಂನಿಂದ ಮಲಪ್ರಭೆಗೆ ನೀರು ಬಿಡ್ತಾರೆ, ಊರು ಖಾಲಿ ಮಾಡ್ರಿ ಅಂತ ಡಂಗುರ ಹೊಡೆದಾಗ ನಾವು ಕಟ್ಟೆ ಮೇಲೆ ಎಲೆ ಅಡಿಕೆ ಹಾಕುತ್ತಿದ್ದೆವು. ಯಾರೂ ಏಳಲಿಲ್ಲ.

ಅದಕ್ಕೆ ಕಾರಣವಿತ್ತು. 2009ರ ನೆರೆ ಆದಮೇಲೆ ಸರ್ಕಾರದ 'ಆಸರೆ' ಯೋಜನೆಯಲ್ಲಿ ನಮಗೆ ಬೇರೆ ಕಡೆ ಮನೆ ಕಟ್ಟಿಕೊಟ್ಟಿದ್ದರು. ಕಟ್ಟುವ ಮುಂಚೆ ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. ಎತ್ತು ಎಲ್ಲಿ ಕಟ್ಟಬೇಕು, ಕಣಕಿ ಎಲ್ಲಿ ಒಟ್ಟಬೇಕು? ಹೊಲವೂ ದೂರ. ಬಹಳ ಮಂದಿ ತಿರುಗಿ ಹೊಳೆದಂಡೆಗೇ ಬಂದೆವು. ಅಲ್ಲಿಂದ ಸರ್ಕಾರದ ಮಾತು ಅಂದರೆ ನಮಗೆ ಅಷ್ಟಕ್ಕಷ್ಟೆ.

ನಡುರಾತ್ರಿ ಪಡಸಾಲೆಗೆ ನೀರು ಬಂತು. ಎತ್ತುಗಳ ಹಗ್ಗ ಕುಡುಗೋಲಿನಿಂದ ಕೊಯ್ದೆ. ಕರುವಿನ ಗಂಟು ನೆನೆದು ಬಿಗಿದಿತ್ತು, ಕತ್ತಲಲ್ಲಿ ಕೈಗೆ ಸಿಗಲಿಲ್ಲ. ನೀರು ಎದೆಮಟ್ಟ ಬಂದಾಗ ಬಿಟ್ಟು ಬಂದೆ. ಅದು ಕೂಗುವುದು ಮಾಳಿಗೆ ಮೇಲಿನವರೆಗೂ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ನಮ್ಮನ್ನು ಇಟ್ಟಿದ್ದ ಸಾಲಿಯೊಳಗಿನ ಪರಿಹಾರ ಕೇಂದ್ರಕ್ಕೆ ದೊಡ್ಡವರು ಬಂದರು, ಚಾದರ ಹಂಚಿದರು, ಫೋಟೊ ಆಯಿತು, ಹೋದರು. ಮೂರನೇ ದಿನ ಒಬ್ಬ ಅಧಿಕಾರಿ ಬಾಯಿ ಬಂದಳು. ಕುರ್ಚಿ ತಂದರೆ ಬೇಡವೆಂದು ಗೋಣಿಚೀಲದ ಮೇಲೆ ಕೂತಳು. ನಮ್ಮ ದೊಡ್ಡಪ್ಪ ಆಸರೆ ಮನೆಯಿಂದ ಹಿಡಿದು ಹತ್ತು ವರ್ಷದ ಸಿಟ್ಟನ್ನೆಲ್ಲ ಕಾರಿಕೊಂಡ. ನಡುವೆ ಬಾಯಿ ಹಾಕಿದ ಗುಮಾಸ್ತನಿಗೆ ಆಕೆ ಕೈಸನ್ನೆಯಲ್ಲೇ ಸುಮ್ಮನಿರಲು ಹೇಳಿದಳು. ಕೊನೆಗೆ ಕೇಳಿದಳು: "ಮೊದಲ ಏನು ಬೇಕ್ರಿ?"

"ನಮಗ ಅನ್ನ ಐತವ್ವಾ. ದನಕ್ಕ ಮೇವಿಲ್ಲ" ಎಂದಳು ನನ್ನ ತಾಯಿ.

ಸಂಜೆಗೆ ಎರಡು ಟ್ರ್ಯಾಕ್ಟರ್ ಮೇವು ಬಂತು.

ಆಕೆಯಿಂದ ಎಲ್ಲವೂ ಆಯಿತು ಅಂತಲ್ಲ. ನನ್ನ ಮನೆ ಕಡಿಮೆ ಹಾನಿಯ 'ಸಿ' ಪಟ್ಟಿಗೆ ಬಿತ್ತು, ಪರಿಹಾರ ಐವತ್ತು ಸಾವಿರ ಅಷ್ಟೆ. ಆದರೆ ಹಿಂಭಾಗದ ಗೋಡೆ ಪೂರಾ ಕುಸಿದಿತ್ತು. ಇದು ನನ್ನ ಕೈಯಾಗಿಲ್ಲ ಎಂದು ಮುಖ ನೋಡಿ ಹೇಳಿದಳು. ಸಿಟ್ಟು ಬಂತು, ನಿಜ. ಆದರೆ ನಾಳೆ ಬಾ ಎಂದು ಅಲೆಸಲಿಲ್ಲ.

ಅಕ್ಟೋಬರಿನಲ್ಲಿ ಹೊಳೆ ಮತ್ತೆ ಉಕ್ಕಿತು. ಈ ಸಲ ಡಂಗುರಕ್ಕಿಂತ ಮುಂಚೆ ಆಕೆಯ ಫೋನು ಬಂತು. ಎತ್ತರದ ಬಯಲಲ್ಲಿ ದನಕ್ಕೆ ತಗಡಿನ ಚಪ್ಪರ ಹಾಕಿಸಿದ್ದೇನೆ, ಮೇವೂ ಐತಿ, ಹೊರಡ್ರಿ ಎಂದಳು. ದೊಡ್ಡಪ್ಪನೇ ಮೊದಲು ಎದ್ದು ಚಕ್ಕಡಿ ಹೂಡಿದ.

ಹೊತ್ತು ಮುಳುಗುವುದರೊಳಗೆ ನಮ್ಮ ಓಣಿ ಖಾಲಿ ಇತ್ತು. ಒಂದು ಕರುವೂ ಹಿಂದೆ ಉಳಿಯಲಿಲ್ಲ.