ಪ್ರೋಗ್ರಾಮರನಿಗೆ ಲೆಕ್ಕಶಾಸ್ತ್ರದ ಪದವಿ

ಒಂದು ತಲೆಮಾರಿನ ಹಿಂದೆ ನಮ್ಮ ಮನೆತನಗಳಲ್ಲಿ ಮಗನು ಇಂಜಿನಿಯರ್ ಆದನೆಂದರೆ ವಿದ್ಯಾಭ್ಯಾಸದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಬೆಂಗಳೂರಿನಲ್ಲಿ ಆರೇಳು ವರ್ಷ ಸಾಫ್ಟ್‌ವೇರ್ ಉದ್ಯೋಗ ಮಾಡಿ ಒಳ್ಳೆಯ ಸಂಬಳ ಪಡೆಯುತ್ತಿರುವ ತರುಣರೇ ಇನ್ನೊಂದು ಪದವಿ ಕೈಯಲ್ಲಿದ್ದರೆ ಒಳಿತೇನೋ ಎಂದು ಚಿಂತಿಸತೊಡಗಿದ್ದಾರೆ. ಪ್ರೋಗ್ರಾಮನ್ನು ತಾವೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲಂತೂ ಈ ಚಿಂತೆ ಇಮ್ಮಡಿಯಾಗಿದೆ. ಹಾಗೆ ಚಿಂತಿಸುವವರ ಕಣ್ಣಿಗೆ ಮೊದಲು ಬೀಳುವುದು ಸಿ.ಎ. ಪದವಿ.

ನನ್ನ ಅಣ್ಣನ ಮಗನೂ ಅಂಥವರಲ್ಲೊಬ್ಬ. ವಯಸ್ಸು ಮೂವತ್ತೊಂದು. ಮನೆಸಾಲದ ಕಂತು ನಡೆದಿದೆ. ತಂಗಿಯ ಮದುವೆ ಇನ್ನೂ ಆಗಬೇಕಾಗಿದೆ. “ಕಾಕಾ, ನೌಕರಿ ಬಿಟ್ಟು ಸಿ.ಎ. ಮಾಡಲೇನು? ನಾಳೆ ಪ್ರೋಗ್ರಾಮ್ ಬರಿಯೋರು ಬ್ಯಾಡಾದ್ರೂ ಲೆಕ್ಕ ನೋಡೋರು ಬೇಕಲ್ಲ” ಎಂದು ಕೇಳಿದನು. ಅವನ ತಂದೆಯವರೂ ನನ್ನ ಅಭಿಪ್ರಾಯಕ್ಕೆ ಕಾದಿದ್ದರು. ವ್ಯಾಕರಣ, ತರ್ಕ ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂದು ತಾವು ಕೇಳಬಹುದು. ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ಉಚಿತ ಪ್ರಸಾದ ನಿಲಯದ ಕೀರ್ದಿ ಬರೆಯುವ ಕಾಯಕ ನನ್ನ ಪಾಲಿಗೆ ಬಂದಿತ್ತು. ಮುಂದೆಯೂ ಬಹುಕಾಲ ಅದು ನನ್ನ ಕೈಯಲ್ಲೇ ಉಳಿಯಿತು. ಲೆಕ್ಕದ ಮಟ್ಟಿಗೆ ನನ್ನ ಪಾಂಡಿತ್ಯ ಅಷ್ಟೇ.

ಮೊದಲು ಪದವಿಯ ಬೆಲೆಯನ್ನು ನೋಡೋಣ. ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 1949ರ ಕಾಯಿದೆಯಿಂದ ಸ್ಥಾಪಿತವಾದದ್ದು. ಇಂಜಿನಿಯರಿಂಗ್ ಪದವಿಯಲ್ಲಿ ಶೇಕಡಾ 60 ಅಂಕ ಪಡೆದವರು ಮೊದಲ ಹಂತದ ಪರೀಕ್ಷೆಯಿಲ್ಲದೆ ಎರಡನೆಯ ಹಂತಕ್ಕೆ ನೇರವಾಗಿ ಸೇರಬಹುದು. ಇದನ್ನು ಕೇಳಿದ ಕೂಡಲೇ ಅರ್ಧ ದಾರಿ ಸವೆದಂತೆ ನಮ್ಮ ಹುಡುಗರು ಭಾವಿಸುತ್ತಾರೆ. ಉಳಿದ ದಾರಿಯೇ ಕಠಿಣವಾದದ್ದು. ಎರಡನೆಯ ಹಂತದಲ್ಲಿ ಆರು ಪತ್ರಿಕೆ, ಅಂತಿಮ ಹಂತದಲ್ಲಿ ಆರು ಪತ್ರಿಕೆ. ನಡುವೆ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ತರಬೇತಿ. ಮೂರು ವರ್ಷವಿದ್ದ ಈ ತರಬೇತಿಯನ್ನು 2023ರ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕೆ ಇಳಿಸಿದ್ದಾರೆ. ಆ ಅವಧಿಯಲ್ಲಿ ಸಾಫ್ಟ್‌ವೇರ್ ನೌಕರಿಯನ್ನೂ ಜೊತೆಗಿಟ್ಟುಕೊಂಡು ನಡೆಯುವಂತಿಲ್ಲ; ಸಿಗುವುದು ಅಲ್ಪ ಗೌರವಧನ ಮಾತ್ರ. ಎಲ್ಲ ಪರೀಕ್ಷೆಗಳೂ ಮೊದಲ ಸಲಕ್ಕೇ ಕೈಗೂಡಿದರೂ ಮೂರು ವರ್ಷಕ್ಕೆ ಕಡಿಮೆಯಾಗದು. ಮೊದಲ ಸಲಕ್ಕೇ ಕೈಗೂಡುವವರು ವಿರಳ. ಇಪ್ಪತ್ತೊಂದರ ಹುಡುಗನಿಗೆ ಇದು ವಿದ್ಯಾಭ್ಯಾಸದ ಮುಂದುವರಿಕೆ. ಮೂವತ್ತೊಂದರ ಸಂಸಾರಸ್ಥನಿಗೆ ಇದು ಇಡೀ ಮನೆಯ ಅನ್ನದ ಪ್ರಶ್ನೆ.

ಅಷ್ಟು ತೆತ್ತು ಪಡೆಯುವುದೇನು? ಕಂಪನಿಯೊಂದರ ಲೆಕ್ಕವನ್ನು ಪರಿಶೋಧಿಸಿ, ಅದು ಸರಿಯಾಗಿದೆಯೆಂದು ಸಹಿ ಹಾಕುವ ಹಕ್ಕು ಈ ಪದವಿಯ ಜೀವಾಳ. ಆ ಸಹಿಗೆ ಕಾನೂನಿನ ಬಲವಿದೆ. ಯಂತ್ರವು ಅದನ್ನು ಹಾಕಲಾರದು. ಪ್ರೋಗ್ರಾಮಿಂಗನ್ನು ಬಿಟ್ಟು ಆ ವೃತ್ತಿಗೇ ಹೋಗುವ ಮನಸ್ಸಿದ್ದವನಿಗೆ ಈ ವೆಚ್ಚ ಸಾರ್ಥಕ. ಆದರೆ ಪ್ರೋಗ್ರಾಮರನಾಗಿಯೇ ಉಳಿದು, ಹೆಸರಿನ ಮುಂದೆ ಇನ್ನೆರಡು ಅಕ್ಷರ ಸೇರಿಸಿಕೊಂಡು ಸಂಬಳ ಹೆಚ್ಚಿಸಿಕೊಳ್ಳಬೇಕೆಂಬುವನಿಗೆ ಆ ಹಕ್ಕಿನಿಂದ ಪ್ರಯೋಜನವಿಲ್ಲ. ಅವನು ಯಾವ ಲೆಕ್ಕಕ್ಕೂ ಸಹಿ ಹಾಕುವವನಲ್ಲ. ಅವನು ಆಟದ ತಂತ್ರಾಂಶವನ್ನೋ ಚಿತ್ರ ತಿದ್ದುವ ತಂತ್ರಾಂಶವನ್ನೋ ರಚಿಸುವವನಾದರೆ ಅವನ ಪದವಿಯನ್ನು ಕೇಳುವವರೇ ಇಲ್ಲ.

ಪದವಿ ಬೇರೆ, ವಿದ್ಯೆ ಬೇರೆ. ಲೆಕ್ಕದ ವಿದ್ಯೆಯು ಪ್ರೋಗ್ರಾಮರನಿಗೆ ಬಹುವಾಗಿ ಉಪಕರಿಸುವುದೆಂದು ನನ್ನ ದೃಢವಾದ ನಂಬಿಕೆ. ಪ್ರಸಾದ ನಿಲಯದ ಕೀರ್ದಿಯಲ್ಲಿ ತಪ್ಪು ನಮೂದಾದರೆ ಅದನ್ನು ಕೆರೆದು ಅಳಿಸುವಂತಿರಲಿಲ್ಲ. ಜೋಳದ ಖರ್ಚು ನೂರು ರೂಪಾಯಿ ಹೆಚ್ಚು ಬಿದ್ದಿದ್ದರೆ, ಮರುದಿನದ ತಾರೀಖಿನಲ್ಲಿ ಕಾರಣಸಹಿತ ನೂರು ರೂಪಾಯಿಯ ಎದುರು ನಮೂದು ಹಾಕಬೇಕು. ಹಳೆಯ ಸಾಲು ಇದ್ದಂತೆಯೇ ಇರಬೇಕು. ಪ್ರೋಗ್ರಾಮರನ ಅಭ್ಯಾಸ ಇದಕ್ಕೆ ತೀರ ವಿರುದ್ಧ: ತಪ್ಪಿದ ಅಂಕಿಯನ್ನು ಅಳಿಸಿ ಅದರ ಜಾಗದಲ್ಲಿ ಸರಿಯಾದುದನ್ನು ಕೂಡಿಸಿಬಿಡುತ್ತಾನೆ. ಇನ್ನೊಂದು ಸಂಗತಿಯನ್ನು ಅಣ್ಣನ ಮಗನೇ ನನಗೆ ತಿಳಿಸಿದನು. ಗಣಕವು ದ್ವಿಮಾನ ಪದ್ಧತಿಯಲ್ಲಿ ದಶಾಂಶ ಒಂದನ್ನು, ಅಂದರೆ ಹತ್ತು ಪೈಸೆಯನ್ನು, ನಿಷ್ಕೃಷ್ಟವಾಗಿ ಹಿಡಿದಿಡಲಾರದಂತೆ. ಎಚ್ಚರವಿಲ್ಲದೆ ಬರೆದರೆ ಲಕ್ಷಾಂತರ ನಮೂದುಗಳ ಕೊನೆಗೆ ತಾಳೆ ತಪ್ಪುತ್ತದೆಯಂತೆ. ಪೈಸೆ ತಾಳೆಯಾಗದೆ ರಾತ್ರಿ ಊಟಕ್ಕೇಳದ ಗುಮಾಸ್ತರನ್ನು ನಾನು ಕಂಡಿದ್ದೇನೆ. ಅವರಿಗೆ ಇದರ ಗಾಂಭೀರ್ಯ ಅರ್ಥವಾಗುತ್ತಿತ್ತು.

ಇದು ಹಳೆಯ ಕಾಲದ ಮಡಿವಂತಿಕೆಯೆಂದು ಯಾರೂ ತಿಳಿಯಬಾರದು. 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಲೆಕ್ಕವನ್ನು ಗಣಕದಲ್ಲಿಡುವ ಪ್ರತಿಯೊಂದು ಕಂಪನಿಯೂ, ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಆ ದಾಖಲೆಯನ್ನು ನಿಲ್ಲಿಸಿಡಲು ಅವಕಾಶವಿರಕೂಡದು. ಕೀರ್ದಿಯ ಹಳೆಯ ನೇಮವೇ ಕಾನೂನಾಗಿ ಬಂದಿದೆ.

ಈ ನೇಮ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣಕ್ಕಿಂತ ದಾರುಣ ನಿದರ್ಶನ ಬೇಕಿಲ್ಲ. ಅಲ್ಲಿ 1999ರಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಜಾರಿಗೆ ತಂದರು. ದೋಷವಿದ್ದುದು ತಂತ್ರಾಂಶದಲ್ಲಿ, ಹಣ ಕಡಿಮೆ ಬಿದ್ದಂತೆ ತೋರಿಸಿದ್ದು ಹಳ್ಳಿ ಪಟ್ಟಣಗಳ ಅಂಚೆ ಪಾಲಕರ ಲೆಕ್ಕದಲ್ಲಿ. ತಯಾರಕರ ಸಿಬ್ಬಂದಿ ದೂರದಿಂದಲೇ ಆ ಲೆಕ್ಕಗಳೊಳಗೆ ಕೈಯಾಡಿಸಬಹುದಾಗಿತ್ತು. ಪಾಲಕರಿಗೆ ಅದು ತಿಳಿಯುತ್ತಿರಲಿಲ್ಲ. 900ಕ್ಕೂ ಹೆಚ್ಚು ಜನ ಕಳವು, ಸುಳ್ಳು ಲೆಕ್ಕದ ಅಪರಾಧಿಗಳೆನಿಸಿದರು. ಗರ್ಭಿಣಿಯೊಬ್ಬರೂ ಸೆರೆಮನೆ ಕಂಡರು. 2019ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ತಂತ್ರಾಂಶದ ದೋಷವನ್ನು ಎತ್ತಿಹಿಡಿಯಿತು. 2024ರಲ್ಲಿ ಸಂಸತ್ತು ಕಾಯಿದೆ ಮಾಡಿ ಶಿಕ್ಷೆಗಳನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಅನೇಕರ ಮನೆ ಮಾರಿಹೋಗಿದ್ದವು.

ಬೆಂಗಳೂರಿನದೇ ಒಂದು ಸಂತೋಷದ ನಿದರ್ಶನವೂ ಇದೆ. ಕಾರ್ಖಾನೆಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೊಪ್ಪುವ ಲೆಕ್ಕದ ತಂತ್ರಾಂಶ ಎಲ್ಲಿಯೂ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಅವರಿಗೆ ಅದನ್ನು ರಚಿಸಲು ಹೇಳಿದರು. 1986ರಲ್ಲಿ ಹೀಗೆ ಹುಟ್ಟಿದ್ದೇ ನಮ್ಮ ಕಿರಾಣಿ ಅಂಗಡಿಗಳವರೆಗೆ ತಲುಪಿರುವ ಟ್ಯಾಲಿ. ಖಾತೆಗಳಿಗೆ ಸಂಕೇತಸಂಖ್ಯೆಗಳನ್ನು ಕಂಠಪಾಠ ಮಾಡಬೇಕಾಗಿಲ್ಲದೆ ಹೆಸರಿನಿಂದಲೇ ನಮೂದಿಸುವ ಸೌಕರ್ಯ ಅದರ ವೈಶಿಷ್ಟ್ಯವಾಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಅಲ್ಲಿ ಕೂಡಿಬಂದದ್ದು ತಂದೆಯ ವ್ಯಾಪಾರದ ಅನುಭವ ಮತ್ತು ಮಗನ ಗಣಿತ.

ಹೀಗಿರುವಾಗ ಅಣ್ಣನ ಮಗನಿಗೆ ನಾನು ಹೇಳಿದ್ದಿಷ್ಟು: ನೌಕರಿ ಬಿಡಬೇಡ, ಲೆಕ್ಕವನ್ನು ಕಲಿ, ಕಲಿತ ಲೆಕ್ಕಕ್ಕೆ ಬೆಲೆ ಇರುವಲ್ಲಿಗೆ ಹೋಗು. ಅಂಥ ಸ್ಥಳಗಳಿಗೆ ಕೊರತೆಯಿಲ್ಲ. ಬ್ಯಾಂಕುಗಳ ಲೆಕ್ಕ ನಡೆಸುವ ಇನ್ಫೋಸಿಸ್ಸಿನ ಫಿನಾಕಲ್, ಜರ್ಮನಿಯ ಸ್ಯಾಪ್ ಸಂಸ್ಥೆಯ ಹಣಕಾಸು ತಂತ್ರಾಂಶ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಬೆಳೆದ ತೆರಿಗೆಯ ತಂತ್ರಾಂಶಗಳು, ಇವೆಲ್ಲ ಜಮೆ-ಖರ್ಚು ತಿಳಿದ ಪ್ರೋಗ್ರಾಮರನನ್ನು ಬೇಡುವ ಕ್ಷೇತ್ರಗಳು. ಸರಕು ಹಿಂದಿರುಗಿದಾಗ ಮೊದಲು ಕಟ್ಟಿದ ತೆರಿಗೆಯ ಗತಿಯೇನೆಂದು ವ್ಯಾಪಾರಿ ಕೇಳಿದರೆ, ಅದು ತಿಳಿದ ಪ್ರೋಗ್ರಾಮರನು ಯಂತ್ರಕ್ಕೆ ಸರಿಯಾದ ಅಪ್ಪಣೆ ಕೊಡಬಲ್ಲನು. ತಿಳಿಯದವನು ಯಂತ್ರ ಬರೆದುಕೊಟ್ಟದ್ದನ್ನು ಪರೀಕ್ಷಿಸಲೂ ಆರನು.

ಪ್ರಮಾಣಪತ್ರವೂ ಬೇಕೆನಿಸಿದರೆ ಉದ್ಯೋಗದಲ್ಲಿದ್ದುಕೊಂಡೇ ಓದಬಹುದಾದ ದಾರಿಗಳಿವೆ. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯುಳ್ಳ ವೆಚ್ಚ ಲೆಕ್ಕಿಗರ ಸಂಸ್ಥೆಯ ಸಿ.ಎಂ.ಎ. ಅವುಗಳಲ್ಲೊಂದು, ಅದೂ ಸುಲಭವೇನಲ್ಲ. ಗಣಕ ವ್ಯವಸ್ಥೆಗಳನ್ನೇ ಪರಿಶೋಧಿಸುವ ಸಿ.ಐ.ಎಸ್.ಎ. ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಪ್ರೋಗ್ರಾಮರನ ಜಾಯಮಾನಕ್ಕೆ ಇನ್ನೂ ಹತ್ತಿರವಾದದ್ದು. ಪರೀಕ್ಷೆಯನ್ನು ಮೊದಲೇ ಬರೆಯಬಹುದಾದರೂ ಪ್ರಮಾಣಪತ್ರಕ್ಕೆ ಐದು ವರ್ಷಗಳ ಸಂಬಂಧಿತ ಅನುಭವ ಕೇಳುತ್ತಾರೆ. ಕೆಲವು ವರ್ಷಗಳ ವಿನಾಯಿತಿಗೂ ಅವಕಾಶವುಂಟು. ಮೊದಲ ಹೆಜ್ಜೆಯಾಗಿ ಪಿ.ಯು.ಸಿ. ವಾಣಿಜ್ಯ ವಿಭಾಗದ ಲೆಕ್ಕಶಾಸ್ತ್ರದ ಪುಸ್ತಕವನ್ನು ಕೊಂಡು ಪ್ರತಿಯೊಂದು ಲೆಕ್ಕವನ್ನೂ ಕೈಯಿಂದ ಬಿಡಿಸು ಎಂದೆ. ಅವನಿಗೆ ಇದು ಅವಮಾನವೆನಿಸಿತೋ ಏನೋ, ನಕ್ಕನು. ಪುಸ್ತಕ ಕೊಂಡಿದ್ದಾನೆ. ಈಚೆಗೆ ಸವಕಳಿಯನ್ನು ಖರ್ಚೆಂದು ಏಕೆ ಬರೆಯಬೇಕು, ಕೈಯಿಂದ ಹಣವೇ ಹೋಗಲಿಲ್ಲವಲ್ಲ ಎಂದು ಅರ್ಧ ಗಂಟೆ ವಾದಿಸಿದನು.

ಇನ್ನು ಬಿ.ಕಾಂ. ಓದಿದ ನಮ್ಮ ಹೆಣ್ಣುಮಕ್ಕಳು ಇದೇ ದಾರಿಯನ್ನು ಆಚೆಯ ತುದಿಯಿಂದ ನಡೆದು ಪ್ರೋಗ್ರಾಮಿಂಗ್ ಕಲಿಯುವ ವಿಚಾರವಿದೆ. ಅದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ, ತರಬೇತಿಗಾಗಿ ಎರಡು ವರ್ಷ ಕಟ್ಟುಬೀಳಬೇಕಾಗಿಲ್ಲ. ಅದನ್ನು ಮತ್ತೊಂದು ಸಂಚಿಕೆಯಲ್ಲಿ ಬರೆಯುವೆನು.